ನಲವತ್ತೆಂಟು ಬಾಟಲಿ ಚಳಿಗಾಲ

ಹದಿನೇಳು ಗಿಡಗಳೂ ಒಂದೇ ವಾರದಲ್ಲಿ ಹಣ್ಣು ಬಿಡುತ್ತವೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ತಾರಸಿಯ ಮೇಲೆ ಒಡೆದ ಬಕೆಟ್ಟು, ಖಾಲಿ ಬಣ್ಣದ ಡಬ್ಬ, ಮಗಳನ್ನು ಕೂಸಾಗಿದ್ದಾಗ ಕೂರಿಸಿ ಸ್ನಾನ ಮಾಡಿಸುತ್ತಿದ್ದ ಪ್ಲಾಸ್ಟಿಕ್ ಟಬ್ಬು, ಹೀಗೆ ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಟೊಮೆಟೊ ಸಸಿ ನೆಟ್ಟಿದ್ದೆ. ಬೇಸಿಗೆ ಪೂರ್ತಿ ದಿನಕ್ಕೆ ಎರಡೋ ಮೂರೋ ಹಣ್ಣು ಕೊಟ್ಟುಕೊಂಡು ಅವು ಮರ್ಯಾದೆಯಿಂದ ಇರುತ್ತವೆ ಎಂದು ನನ್ನ ಅಂದಾಜು. ಅವು ಒಳಗೊಳಗೇ ಮಾತಾಡಿಕೊಂಡಿದ್ದವೋ ಏನೋ, ಒಂದು ಸೋಮವಾರ ಬೆಳಗ್ಗೆ ನಾನು ಮೇಲೆ ಹೋಗಿ ನೋಡಿದರೆ ತಾರಸಿಗೆ ತಾರಸಿಯೇ ಕೆಂಪಗಿತ್ತು.

ಮೊದಲ ಬುಟ್ಟಿಯನ್ನು ಕೆಳಗೆ ತಂದಾಗ ಹೆಂಡತಿ ಒಂದು ಹಣ್ಣನ್ನು ಒತ್ತಿ ನೋಡಿ, ಮೂಸಿ, ‘ಪರವಾಗಿಲ್ಲ’ ಎಂದಳು. (ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಸಂದಿರುವ ಅತ್ಯುನ್ನತ ಪುರಸ್ಕಾರ ಇದು.) ಎರಡನೆಯ ದಿನ ಎರಡು ಬುಟ್ಟಿ, ಮೂರನೆಯ ದಿನ ನಾಲ್ಕು. ಬೆಳಗಿನ ತಿಂಡಿಗೆ ಟೊಮೆಟೊ, ಮಧ್ಯಾಹ್ನದ ಡಬ್ಬಿಗೆ ಟೊಮೆಟೊ, ಸಂಜೆ ಹಸಿವಾದವರಿಗೆ ಹೋಳು ಮಾಡಿ ಉಪ್ಪು ಹಚ್ಚಿದ ಟೊಮೆಟೊ. ಐದನೆಯ ದಿನ ಮಗಳು ಇನ್ನು ಮೇಲೆ ತಾನು ಬೆಳ್ಳಗಿರುವ ಪದಾರ್ಥಗಳನ್ನು ಮಾತ್ರ ತಿನ್ನುವುದಾಗಿ ಘೋಷಿಸಿದಳು. ಕೆಳಗಿನ ಮನೆಯಲ್ಲಿ ಶಾಲೆಯ ವ್ಯಾಯಾಮದ ಮೇಷ್ಟ್ರು ಇದ್ದಾರೆ. ಮೊದಲೆರಡು ದಿನ ಬುಟ್ಟಿಯನ್ನು ಸಂತೋಷವಾಗಿಯೇ ತೆಗೆದುಕೊಂಡ ಅವರು, ಮೂರನೆಯ ದಿನ ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ಫ್ಯಾನು ಆರಿಸಿ, ಮನೆಯಲ್ಲಿ ಯಾರೂ ಇಲ್ಲದವರಂತೆ ಉಸಿರು ಬಿಗಿಹಿಡಿದು ಕುಳಿತುಬಿಟ್ಟರು.

ನಾನು ಗಡಿಯಾರ ರಿಪೇರಿಯವನು. ಬಸ್ ನಿಲ್ದಾಣದ ಪಕ್ಕದ ಸಾಲಿನಲ್ಲಿ ಬಾಗಿಲಿನಷ್ಟೇ ಅಗಲದ ಅಂಗಡಿ. ಒಂದು ಸ್ಟೂಲು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ನೀರು ಹೋಗದ ಹಾಗೆ ಕೈಗಡಿಯಾರ ಮುಚ್ಚಿಕೊಡುವುದು ನನ್ನ ವಿಶೇಷ. ರಬ್ಬರಿನ ಉಂಗುರ ಕೂರಿಸಿ, ಗ್ರೀಸು ಸವರಿ, ಹಿಂಬದಿಯ ಮುಚ್ಚಳ ಬಿಗಿದು, ಗಿರಾಕಿಯ ಕಣ್ಣೆದುರಿಗೇ ಗಡಿಯಾರವನ್ನು ನೀರಿನ ಲೋಟದೊಳಗೆ ಇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಗುಳ್ಳೆ ಮೇಲೆ ಬಂದಿಲ್ಲ. ಆರನೆಯ ದಿನ ಬೆಳಗ್ಗೆ ಹಾಗೆ ಲೋಟದೊಳಗಿನ ಗಡಿಯಾರವನ್ನು ನೋಡುತ್ತ ಕುಳಿತಿದ್ದಾಗ ನನ್ನ ತಲೆಯೊಳಗೆ ಏನೋ ಜಗ್ಗನೆ ಬೆಳಗಿತು. ಗಡಿಯಾರದೊಳಗೆ ನೀರು ಹೋಗದಂತೆ ತಡೆಯಬಲ್ಲವನಿಗೆ ಬಾಟಲಿಯೊಳಗೆ ಗಾಳಿ ಹೋಗದಂತೆ ತಡೆಯುವುದು ಯಾವ ಮಹಾ ಕೆಲಸ? ಗಾಳಿ ಹೋಗದಿದ್ದರೆ ಟೊಮೆಟೊ ಕೆಡುವುದಿಲ್ಲ. ಕೆಡದಿದ್ದರೆ ಚಳಿಗಾಲದಲ್ಲಿ, ಪೇಟೆಯ ಹಣ್ಣು ಸಪ್ಪೆಯಾಗಿ ಮರಗಟ್ಟಿರುವಾಗ, ನಾವು ಬೇಸಿಗೆಯನ್ನೇ ಬಾಟಲಿಯಿಂದ ಸುರಿದುಕೊಂಡು ತಿನ್ನಬಹುದು. ಲೋಟದಲ್ಲಿದ್ದ ಗಡಿಯಾರವನ್ನು ಅಲ್ಲೇ ಬಿಟ್ಟು, ಅಂಗಡಿ ಬಾಗಿಲು ಎಳೆದುಕೊಂಡು, ಹನ್ನೊಂದು ಗಂಟೆಗೇ ಮನೆಗೆ ಓಡಿದೆ.

ಅಂದು ಹೆಂಡತಿಗೆ ರಜೆ. ಅವಳು ವಿದ್ಯುತ್ ಕಚೇರಿಯ ದೂರು ಕಿಟಕಿಯಲ್ಲಿ ಕೂರುವವಳು. ಕರೆಂಟು ಹೋದವರು ದಿನವಿಡೀ ಬಂದು ಕೂಗಾಡುತ್ತಾರೆ. ಅವಳು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ. ಮನೆಯಲ್ಲೂ ಅದೇ ಪದ್ಧತಿ. ನಾನು ಕೈ ಬೀಸಿ ಬೀಸಿ ಬಾಟಲಿ, ಕುದಿನೀರು, ಮುಚ್ಚಳ, ನಿರ್ವಾತ, ಚಳಿಗಾಲ ಎಂದು ಅರ್ಧ ಗಂಟೆ ವಿವರಿಸಿದ ಮೇಲೆ ಅವಳು ಕೇಳಿದಳು:

"ಎಷ್ಟು ದಿನ ಅಡುಗೆಮನೆ ಬಿಟ್ಟುಕೊಡ್ಬೇಕು?"

"ಒಂದೇ ದಿನ."

"ಮೂರು ದಿನ ಅಂತ ಇಟ್ಕೋತೀನಿ," ಎಂದು ಅವಳು ಬಟ್ಟೆ ಮಡಿಸಲು ಹೋದಳು.

ಇಷ್ಟಕ್ಕೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನನಗೊಬ್ಬ ಷಡ್ಡಕ ಇದ್ದಾನೆ, ಹೆಂಡತಿಯ ಅಕ್ಕನ ಗಂಡ. ಹಾಸಿಗೆ ಅಂಗಡಿಯವನು, ಮಾತೂ ಹಾಸಿಗೆಯಷ್ಟೇ ಮೆತ್ತಗೆ, ಒರಗಿದ ಮೇಲೆಯೇ ಒಳಗಿನ ಸ್ಪ್ರಿಂಗು ಚುಚ್ಚುವುದು. ನಾನು ಏನೇ ಮಾಡಲಿ, ಆತ ಅದನ್ನು ಹೋದ ವರ್ಷವೇ ಮಾಡಿ ಕೈಬಿಟ್ಟಿರುತ್ತಾನೆ. ಅಂದು ಸಂಜೆ ಬೇರೆ ಯಾವುದಕ್ಕೋ ಫೋನು ಮಾಡಿದವನಿಗೆ, ಈ ಚಳಿಗಾಲದಲ್ಲಿ ನಮ್ಮ ಮನೆಯೊಳಗೆ ಪೇಟೆ ಟೊಮೆಟೊ ಕಾಲಿಡುವುದಿಲ್ಲ ಎಂದು ಹೇಳಿಬಿಟ್ಟೆ. ಆತ ಮೂಗಿನಲ್ಲಿ ಸಣ್ಣಗೆ ನಕ್ಕ. ಆ ನಗು ನನ್ನನ್ನು ಎಲ್ಲಿಂದೆಲ್ಲಿಗೋ ಕೊಂಡೊಯ್ದಿತು. ಚಳಿಗಾಲದ ಮೊದಲ ಭಾನುವಾರ ಅಕ್ಕನನ್ನು ಕರೆದುಕೊಂಡು ಊಟಕ್ಕೆ ಬನ್ನಿ, ನಿಮ್ಮೆದುರಿಗೇ ಮೊದಲ ಬಾಟಲಿ ತೆಗೆಯುತ್ತೇನೆ ಎಂದುಬಿಟ್ಟೆ. ಮುಚ್ಚಳ ಕೊಳ್ಳುವುದಕ್ಕೆ ಮೊದಲೇ ಮುಚ್ಚಳಿಕೆ ಬರೆದುಕೊಟ್ಟಂತಾಯಿತು.

ಮರುದಿನ ಹಳೆ ಸಾಮಾನಿನ ಅಂಗಡಿಯಿಂದ ಅಗಲ ಬಾಯಿಯ ನಲವತ್ತೆಂಟು ಗಾಜಿನ ಬಾಟಲಿಗಳು ಬಂದವು. ಹೊಸ ತಿರುಪು ಮುಚ್ಚಳಗಳನ್ನು ಬೇರೆ ಕಡೆಯಿಂದ ತಂದೆ. ಆಮೇಲೆ ನಡೆದದ್ದನ್ನು ಅಡುಗೆ ಎನ್ನುವುದಕ್ಕಿಂತ ದಂಡಯಾತ್ರೆ ಎನ್ನುವುದು ಸರಿ. ಮಗಳು ಬಾಟಲಿ ತೊಳೆದಳು. ನಾನು ಹಣ್ಣುಗಳನ್ನು ಕುದಿನೀರಿಗೆ ಹಾಕಿ, ತಕ್ಷಣ ತಣ್ಣೀರಿಗೆ ಎತ್ತಿದೆ. ಹೆಂಡತಿ ಸಿಪ್ಪೆ ಸುಲಿದಳು. ಹತ್ತು ನಿಮಿಷದೊಳಗೆ ಅಡುಗೆಮನೆಯಲ್ಲಿ ಆವಿ ಕವಿದು ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು. ನನ್ನ ಕನ್ನಡಕ ಮಂಜುಗಟ್ಟಿತ್ತು. ಟೊಮೆಟೊ ಎಂದುಕೊಂಡು ಹೆಂಡತಿಯ ಕೈಯನ್ನೇ ಎರಡು ಸಲ ತಣ್ಣೀರಿಗೆ ಅದ್ದಿದೆನಂತೆ. ನೆಲದ ಮೇಲೆ ರಸ ಹರಿದು, ಮಗಳು ಜಾರಿ, ಬಿದ್ದಲ್ಲಿಂದಲೇ ಬಾಟಲಿಯನ್ನು ಮೇಲೆತ್ತಿ ಹಿಡಿದು ಅದೊಂದನ್ನು ಉಳಿಸಿದಳು.

ಬಾಟಲಿಯನ್ನು ಎಲ್ಲಿಯವರೆಗೆ ತುಂಬಬೇಕೆಂಬ ವಿಷಯದಲ್ಲಿ ನನಗೂ ಹೆಂಡತಿಗೂ ತಾತ್ವಿಕ ಭಿನ್ನಾಭಿಪ್ರಾಯ ಬಂತು. ಗಾಳಿಗೆ ಜಾಗವೇ ಇರಬಾರದು, ಕಂಠಪೂರ್ತಿ ತುಂಬಬೇಕು ಎಂದು ನಾನು. ಮೇಲೆ ಒಂದು ಬೆರಳು ಬಿಡದಿದ್ದರೆ ಕುದಿಯುವಾಗ ಉಕ್ಕುತ್ತದೆ ಎಂದು ಅವಳು. ನಿರ್ವಾತದ ಬಗ್ಗೆ ನಿನಗೇನು ಗೊತ್ತು ಎಂದು ಕೇಳಿದೆ. ಉತ್ತರವನ್ನು ಒಲೆಯೇ ಕೊಟ್ಟಿತು. ಮೊದಲ ಬಾಟಲಿ ಉಕ್ಕಿ ಒಲೆ ಆರಿ ಗೋಡೆಗೆ ಹೊಸ ಬಣ್ಣ ಬಂದ ಮೇಲೆ ಎಲ್ಲ ಬಾಟಲಿಗಳಲ್ಲೂ ಒಂದು ಬೆರಳು ಜಾಗ ಬಿಡಲಾಯಿತು. ಪ್ರತಿಯೊಂದಕ್ಕೂ ಎರಡು ಚಮಚ ನಿಂಬೆರಸ, ಚಿಟಿಕೆ ಉಪ್ಪು, ಮುಚ್ಚಳ, ಆಮೇಲೆ ದೊಡ್ಡ ಪಾತ್ರೆಯ ಕುದಿನೀರಿನಲ್ಲಿ ಮುಕ್ಕಾಲು ಗಂಟೆ. ಹೀಗೆ ಮೂರು ದಿನ. (ಒಂದಲ್ಲ ಎಂಬುದನ್ನು ಹೆಂಡತಿ ಬಾಯಿಬಿಟ್ಟು ಹೇಳಲಿಲ್ಲ, ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದಳು.)

ಮೂರನೆಯ ದಿನ ಮಧ್ಯಾಹ್ನ ಕೊನೆಯ ಕಂತಿನ ಹದಿನಾರು ಬಾಟಲಿಗಳನ್ನು ಪಾತ್ರೆಯಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಮೂವರೂ ಸೋತು ಕುರ್ಚಿಗಳಲ್ಲಿ ಬಿದ್ದುಕೊಂಡಿದ್ದೆವು. ಬಾಟಲಿ ಆರುತ್ತ ಬಂದಂತೆ ಒಳಗಿನ ಆವಿ ಇಂಗಿ, ಉಬ್ಬಿದ್ದ ಮುಚ್ಚಳ ‘ಟಕ್’ ಎಂದು ಒಳಕ್ಕೆ ಕೂರುತ್ತದೆ. ಆ ಸದ್ದು ಬಂದರೆ ಗೆದ್ದಂತೆ. ಮೊದಲ ಟಕ್ ಬಂತು. ಮಗಳು ಬೆರಳು ಮಡಿಸಿದಳು. ಎರಡನೆಯದು, ಮೂರನೆಯದು, ಆಮೇಲೆ ಒಟ್ಟೊಟ್ಟಿಗೆ ನಾಲ್ಕು. ಇಪ್ಪತ್ತೆರಡು ವರ್ಷ ಟಿಕ್ ಟಿಕ್ ಕೇಳಿದವನಿಗೆ ಈ ಟಕ್ಕಿನ ಮುಂದೆ ಆ ಟಿಕ್ಕುಗಳೆಲ್ಲ ಏನೂ ಅಲ್ಲವೆನಿಸಿತು. ಹದಿನೈದು ಬಂದವು, ಹದಿನಾರನೆಯದು ಬರಲಿಲ್ಲ. ಕಾದೆವು. ಹೆಂಡತಿ ತನಗೆ ತಿಳಿಯದೆಯೇ ನನ್ನ ತೋಳು ಹಿಡಿದುಕೊಂಡಿದ್ದಳು. ಮಗಳು ಬಾಟಲಿಯ ಹತ್ತಿರ ಕಿವಿ ಇಟ್ಟಳು. ಕಾಲು ಗಂಟೆಯಾದ ಮೇಲೆ, ನಾನು ಆಸೆ ಬಿಟ್ಟು ಎದ್ದು ನಿಂತಾಗ, ಅದು ಟಕ್ ಎಂದಿತು. ಮೂವರೂ ಎದ್ದು ಕುಣಿದೆವು. ಹದಿನೆಂಟು ವರ್ಷದಲ್ಲಿ ಹೆಂಡತಿ ಕುಣಿದದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಕೆಳಗಿನ ಮೇಷ್ಟ್ರು ಭೂಕಂಪವೆಂದು ಹೊರಗೆ ಓಡಿಬಂದರು.

ಬೆಳಕು ಬಿದ್ದರೆ ಗಡಿಯಾರದ ಮುಖವೇ ಮಾಸುತ್ತದೆ, ಟೊಮೆಟೊ ಮಾಸದಿದ್ದೀತೇ? ಒಂದೊಂದು ಬಾಟಲಿಯನ್ನೂ ಹಳೆ ಪತ್ರಿಕೆಯಲ್ಲಿ ಕತ್ತಿನವರೆಗೆ ಸುತ್ತಿ, ನಡುಮನೆಯ ಬೀರುವಿನ ಎರಡು ಅಂತಸ್ತುಗಳಲ್ಲಿ, ಅಡ್ಡಕ್ಕೆ ಆರು, ಹಿಂದಕ್ಕೆ ನಾಲ್ಕರಂತೆ ಜೋಡಿಸಿದೆ. ಚಳಿಗಾಲದ ಮೊದಲ ಭಾನುವಾರದವರೆಗೆ ಯಾರೂ ಮುಟ್ಟಕೂಡದೆಂದು ಕಾನೂನು ಮಾಡಿದೆ. ಪ್ರತಿ ಭಾನುವಾರ ಬೀರು ತೆಗೆದು ಮುಚ್ಚಳ ಎಣಿಸುತ್ತಿದ್ದೆ. ನಲವತ್ತೆಂಟು. ಎದೆ ತುಂಬಿ ಬಾಗಿಲು ಮುಚ್ಚುತ್ತಿದ್ದೆ.

ಬೇಸಿಗೆ ಕಳೆದು ಎರಡು ತಿಂಗಳಿಗೆ ಮಗಳಿಗೆ ಜ್ವರ ಬಂತು. ನಾಲಿಗೆಗೆ ಏನೂ ರುಚಿಸುತ್ತಿಲ್ಲ, ಒಂದು ಬಾಟಲಿ ತೆಗೆದು ಬಿಸಿಯಾಗಿ ಸೂಪು ಮಾಡಿಕೊಡುತ್ತೇನೆಂದು ಹೆಂಡತಿ ಕೇಳಿದಳು. ನನಗೂ ಕರುಳು ಚುರ್ ಎಂದಿತು. ಆದರೆ ಒಂದು ತೆಗೆದರೆ ನಲವತ್ತೇಳಾಗುತ್ತದೆ. ಷಡ್ಡಕನಿಗೆ ನಲವತ್ತೆಂಟು ಎಂದು ಹೇಳಿಯಾಗಿದೆ. ಪೇಟೆಯಿಂದ ಹಣ್ಣು ತಂದು ಮಾಡೆಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, "ಸರಿ," ಎಂದಳು. ಆ ಸರಿಯಲ್ಲಿ ಎಷ್ಟು ಅರ್ಥವಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಅಂದಿನಿಂದ ಮನೆಯಲ್ಲಿ ಸೂಪು ಆಗಾಗ ಆಗತೊಡಗಿತು. ಕುಡಿದಾಗಲೆಲ್ಲ ನಾನು ತಲೆಯಾಡಿಸಿ, ಪೇಟೆ ಹಣ್ಣಿನ ಹಣೆಬರಹವೇ ಇಷ್ಟು ಎನ್ನುತ್ತಿದ್ದೆ. ಒಂದು ದಿನವಂತೂ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಸ್ವಲ್ಪ ದೀರ್ಘವಾಗಿಯೇ ಮಾತಾಡಿದೆ. ಹುಳಿ ಇದ್ದರೆ ಸಿಹಿ ಇಲ್ಲ, ಸಿಹಿ ಇದ್ದರೆ ಪರಿಮಳವಿಲ್ಲ, ನನ್ನ ಬಾಟಲಿ ತೆಗೆದ ದಿನ ಟೊಮೆಟೊ ಎಂದರೇನೆಂದು ನಿಮಗೇ ಗೊತ್ತಾಗುತ್ತದೆ ಎಂದೆ. ಮಗಳಿಗೆ ಕೆಮ್ಮು ಬಂದು ಎದ್ದು ಹೋದಳು. ಜ್ವರ ಇನ್ನೂ ಪೂರ್ತಿ ಬಿಟ್ಟಿಲ್ಲವೆಂದುಕೊಂಡೆ.

ಕೊನೆಗೂ ಆ ಭಾನುವಾರ ಬಂತು. ಬೆಳಗಿನಿಂದಲೇ ಕೊರೆಯುವ ಚಳಿ. ಇದಕ್ಕಿಂತ ಒಳ್ಳೆಯ ಹವೆಯನ್ನು ನಾನೇ ಹೇಳಿ ಮಾಡಿಸಿದ್ದರೂ ಆಗುತ್ತಿರಲಿಲ್ಲ. ಷಡ್ಡಕ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದ. ಅಕ್ಕ ನೇರವಾಗಿ ಅಡುಗೆಮನೆಗೆ ಹೋಗಿ ತಂಗಿಯ ಜೊತೆ ಪಿಸುಮಾತಿಗೆ ನಿಂತಳು. ನಾನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬೀರುವಿನ ಮುಂದಿನ ಸಾಲಿನಿಂದ ಒಂದು ಬಾಟಲಿ ತಂದು, ಪತ್ರಿಕೆ ಬಿಚ್ಚಿದೆ. ಕೆಂಪೆಂದರೆ ಕೆಂಪು. ಷಡ್ಡಕನ ಹುಬ್ಬು ಅರ್ಧ ಇಂಚು ಮೇಲೇರಿದ್ದನ್ನು ನಾನೇ ಕಣ್ಣಾರೆ ಕಂಡೆ. ಗಾಳಿ, ನಿರ್ವಾತಗಳ ಬಗ್ಗೆ ನಾಲ್ಕು ಮಾತು ಆಡಿ, ಮುಚ್ಚಳಕ್ಕೆ ಕೈ ಹಾಕಿ ತಿರುಗಿಸಿದೆ.

ತಿರುಗಲಿಲ್ಲ.

ಬಟ್ಟೆ ಸುತ್ತಿ ತಿರುಗಿಸಿದೆ. ತೊಡೆಯ ನಡುವೆ ಇಟ್ಟುಕೊಂಡು ತಿರುಗಿಸಿದೆ. ಪಾತ್ರೆ ತೊಳೆಯುವ ರಬ್ಬರಿನ ಕೈಗವಸು ಹಾಕಿಕೊಂಡು ತಿರುಗಿಸಿದಾಗ ಕೈಗವಸು ತಿರುಗಿತು, ಮುಚ್ಚಳ ತಿರುಗಲಿಲ್ಲ. ಬಿಸಿನೀರು ಸುರಿದೆ, ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದೆ. ಬಾಗಿಲ ಚಿಲಕ ಕೈಗೆ ಬಂತು. ಷಡ್ಡಕ ತಾನು ನೋಡುತ್ತೇನೆಂದು ಮಫ್ಲರ್ ತೆಗೆದಿಟ್ಟು ಎದ್ದ. ಅವನ ಕತ್ತಿನ ನರ ಉಬ್ಬಿತು, ಮುಖ ಬಾಟಲಿಯ ಬಣ್ಣಕ್ಕೆ ಬಂತು, ಮುಚ್ಚಳ ಕದಲಲಿಲ್ಲ. ಅವನಿಂದಲೂ ಆಗಲಿಲ್ಲವಲ್ಲ ಎಂದು ನನಗೆ ಒಂದಿಷ್ಟು ಸಂತೋಷವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಮಗಳು ಕೆಳಗಿನಿಂದ ವ್ಯಾಯಾಮದ ಮೇಷ್ಟ್ರನ್ನು ಕರೆತಂದಳು. ಅವರು ತೋಳು ಮಡಿಸಿ, ಕಾಲು ಅಗಲಿಸಿ ನಿಂತು, ಮೂರೆಣಿಸಿ ಹಿಡಿದರು. ಅಂಗಿಯ ಹೊಲಿಗೆ ಬಿಟ್ಟುಕೊಂಡಿತು. ಬಾಟಲಿ ಬಾಯಿ ಬಿಡಲಿಲ್ಲ.

"ಗಾಳಿ ಹೋಗದ ಹಾಗೆ ಮುಚ್ಚಿದೀನಿ ಅಂದ್ರಲ್ಲ," ಎಂದ ಷಡ್ಡಕ, ಬೆವರು ಒರೆಸಿಕೊಳ್ಳುತ್ತ ಮೆತ್ತಗೆ. "ಒಪ್ಕೋಬೇಕು. ಗಾಳಿನೂ ಹೋಗಲ್ಲ, ನಾವೂ ಹೋಗಲ್ಲ."

ಸ್ಪ್ರಿಂಗು ಚುಚ್ಚಿತು. ಇದೊಂದು ಬಾಟಲಿ ಮಾತ್ರ ಹಟಮಾರಿ, ಬೇರೆಯದನ್ನು ತರುತ್ತೇನೆಂದು ಬೀರುವಿನತ್ತ ನುಗ್ಗಿದೆ. ಮುಂದಿನ ಸಾಲಿನಿಂದ ಇನ್ನೆರಡು ತಂದೆವು, ಅವೂ ಹಾಗೆಯೇ. ಮುಂದಿನವಕ್ಕೆ ಚಳಿ ಹೆಚ್ಚು ತಾಗಿ ಬಿಗಿದಿರಬೇಕು, ಹಿಂದಿನವು ಸಡಿಲವಾಗಿರುತ್ತವೆ ಎಂಬ ವೈಜ್ಞಾನಿಕ ಕಾರಣ ಹೊಳೆದು, ಕೈಯನ್ನು ಹೆಗಲಿನವರೆಗೂ ಒಳಗೆ ತೂರಿಸಿದೆ. ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಹೆಂಡತಿ, "ರೀ, ಹಿಂದಿನದು ಬೇಡ," ಎಂದಳು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಿಡಿದ ಬಾಟಲಿ ಹಗುರವಾಗಿದ್ದುದನ್ನು ನನ್ನ ಹುರುಪಿಗೆ ಜಮೆ ಮಾಡಿಕೊಂಡು, ಎಲ್ಲರ ನಡುವೆ ನಿಂತು ಮುಚ್ಚಳ ತಿರುಗಿಸಿದೆ. ಅದು ಬೆಣ್ಣೆಯ ಹಾಗೆ ತಿರುಗಿ ಕೈಗೆ ಬಂತು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮುಚ್ಚಳವನ್ನು ಎತ್ತಿ ಹಿಡಿದು ಒಂದು ಸುತ್ತು ಬಂದೆ. ಷಡ್ಡಕನ ಮೂಗಿನ ಕೆಳಗೆ ಬಾಟಲಿ ಹಿಡಿದು, ಪರಿಮಳ ನೋಡಿ ಎಂದೆ. ಆತ ಮೂಸಿದ. ಒಳಗೆ ಇಣುಕಿದ. ಮತ್ತೆ ನನ್ನ ಮುಖ ನೋಡಿದ.

"ಇದರಲ್ಲಿ ಟೊಮೆಟೊ ಎಲ್ಲಪ್ಪಾ?"

ಪತ್ರಿಕೆ ಹರಿದು ನೋಡಿದೆ. ತೊಳೆದು ಒರೆಸಿದ ಖಾಲಿ ಬಾಟಲಿ. ಓಡಿ ಹೋಗಿ ಇನ್ನೊಂದು ತೆಗೆದೆ, ಖಾಲಿ. ಅದರ ಪಕ್ಕದ್ದು, ಖಾಲಿ. ಎರಡೂ ಅಂತಸ್ತುಗಳಲ್ಲಿ ಮುಂದಿನ ಸಾಲಿನ ಹನ್ನೆರಡನ್ನು ಬಿಟ್ಟರೆ ಹಿಂದಿದ್ದ ಮೂವತ್ತಾರು ಬಾಟಲಿಗಳೂ ಪತ್ರಿಕೆ ಹೊದ್ದು, ಮುಚ್ಚಳ ತೊಟ್ಟು, ಹೊಟ್ಟೆಯೊಳಗೆ ಏನೂ ಇಲ್ಲದೆ ನಿಂತಿದ್ದವು. ನಾನು ಇಷ್ಟು ತಿಂಗಳಿನಿಂದ ಪ್ರತಿ ಭಾನುವಾರ ಎದೆ ತುಂಬಿಕೊಂಡು ಎಣಿಸಿದ್ದು ಮುಚ್ಚಳಗಳನ್ನು.

ಎಲ್ಲರೂ ಹೆಂಡತಿಯ ಕಡೆ ನೋಡಿದೆವು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ಮೇಜಿನ ಮೇಲಿದ್ದ ಆ ಹಟಮಾರಿ ಬಾಟಲಿಯನ್ನು ಹತ್ತಿರಕ್ಕೆಳೆದು, ಮುಚ್ಚಳದ ಅಂಚಿನಡಿ ಚಮಚದ ತುದಿ ಇಟ್ಟು ಸ್ವಲ್ಪ ಮೀಟಿದಳು. ‘ಪುಸ್’ ಎಂದಿತು. ಎರಡು ಬೆರಳಿನಲ್ಲಿ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟಳು. ಮನೆಯೊಳಗೆ ಬೇಸಿಗೆಯ ಘಮ ಹರಡಿತು.

ಜ್ವರದ ದಿನ ದಾರಿ ಕಂಡುಹಿಡಿದದ್ದು ಮಗಳಂತೆ. "ನೀನೇ ಹೇಳಿದ್ಯಲ್ಲಪ್ಪ, ಒಳಗೆ ಗಾಳಿ ಇಲ್ಲ, ಅದಕ್ಕೇ ಹಿಡ್ಕೊಂಡಿರತ್ತೆ ಅಂತ," ಎಂದಳು ಅವಳು. "ಚೂರು ಗಾಳಿ ಬಿಟ್ವಿ, ಅಷ್ಟೇ." ಅರ್ಧಕ್ಕರ್ಧ ಗಡಿಯಾರಗಳ ಹಿಂಬದಿಯನ್ನು ನಾನು ದಿನವೂ ತೆಗೆಯುವುದು ಹೀಗೆ ಅಂಚಿಗೆ ಚಾಕು ಕೊಟ್ಟು ಮೀಟಿಯೇ. ಇಪ್ಪತ್ತೆರಡು ವರ್ಷ ಮೀಟಿದವನ ತಲೆಗೆ ಅದು ಹೊಳೆಯಲಿಲ್ಲ. ಆಮೇಲೆ ಒಂದೊಂದಾಗಿ ವಿಷಯಗಳು ಹೊರಬಂದವು. ಮೂವತ್ತಾರರಲ್ಲಿ ಹದಿನಾಲ್ಕು ಅಕ್ಕನ ಮನೆಗೆ ಹೋಗಿ, ಅವುಗಳ ಜಾಗಕ್ಕೆ ಹಳೆ ಸಾಮಾನಿನ ಅಂಗಡಿಯಿಂದ ಅಂಥವೇ ಖಾಲಿ ಬಾಟಲಿಗಳು ಬಂದಿದ್ದವು. (ಷಡ್ಡಕ ಮಫ್ಲರನ್ನು ಬಹಳ ಹೊತ್ತು ಮಡಿಸಿದ. ತನ್ನ ಮನೆಯ ಸೂಪು ಯಾವ ತಾರಸಿಯದೆಂದು ಅವನಿಗೂ ಆಗಲೇ ತಿಳಿದದ್ದು.) ಉಳಿದ ಇಪ್ಪತ್ತೆರಡನ್ನು ನಾವು ಮೂವರೇ ಕುಡಿದಿದ್ದೆವು. ಪರಿಮಳವಿಲ್ಲ ಎಂದು ನಾನು ಪಕ್ಕಕ್ಕೆ ಸರಿಸಿದ್ದು ನನ್ನದೇ ಟೊಮೆಟೊ.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಬೀಗ ಹಾಕ್ತಿದ್ರಿ," ಎಂದು ಹೆಂಡತಿ ಬಾಟಲಿಯನ್ನು ಒಳಗೆ ಕೊಂಡೊಯ್ದು ಪಾತ್ರೆಗೆ ಸುರಿದಳು. ಇಷ್ಟು ಜನಕ್ಕೆ ಇನ್ನೊಂದು ಬೇಕಾಗುತ್ತದೆ ಎಂದು ಒಳಗಿನಿಂದಲೇ ಹೇಳಿದಳು.

ಆ ಇನ್ನೊಂದನ್ನು ನಾನೇ ತೆಗೆಯುತ್ತೇನೆಂದೆ. ಚಮಚ ಇಟ್ಟು ಮೀಟಿದೆ. ಪುಸ್. ಮುಚ್ಚಳ ತಾನಾಗಿ ಕೈಗೆ ಬಂತು. ಅವಮಾನ, ಬೇಸರ ಎಲ್ಲ ಆ ಪುಸ್ಸಿನೊಂದಿಗೇ ಹೊರಟುಹೋಯಿತು. ಅಷ್ಟು ಜನ ಗಂಡಸರ ಬೆವರಿಳಿಸಿದ ಮುಚ್ಚಳ ಒಂದು ಚಮಚಕ್ಕೆ ಶರಣಾಗುವುದೆಂದರೇನು. ಮಗಳು ಬಾಟಲಿಯನ್ನು ಒಳಗೆ ಕೊಟ್ಟು ಬಂದಳು. ಅಷ್ಟರಲ್ಲಿ, ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ ತೋರಿಸಿ ಎಂದು ಮೇಷ್ಟ್ರು ಕೇಳಿದರು. ತೋರಿಸಿದೆ. ಪುಸ್. ಬಲಕ್ಕಿಂತ ಜಾಗ ಮುಖ್ಯ, ಅಂಚು ಎಲ್ಲಿ ಸಡಿಲವಿದೆಯೆಂದು ಬೆರಳಿಗೆ ಗೊತ್ತಾಗಬೇಕು ಎಂದು ವಿವರಿಸುತ್ತ ನಾಲ್ಕನೆಯದನ್ನು ತೆಗೆದೆ. ಷಡ್ಡಕ ತಾನೊಂದು ನೋಡುತ್ತೇನೆಂದು ಕೈ ಚಾಚಿದ. ಇದು ಕೈ ಪಳಗಿದವರ ಕೆಲಸ ಎಂದು ಚಮಚವನ್ನು ಹಿಂದಕ್ಕೆಳೆದುಕೊಂಡೆ. ಅವನ ಮುಖ ಬಾಡಿದ್ದನ್ನು ನೋಡಿ ಹುರುಪು ಇಮ್ಮಡಿಸಿತು. ಐದನೆಯದನ್ನು ಎಡಗೈಯಲ್ಲಿ ತೆಗೆದೆ. ಆರನೆಯದನ್ನು ಕಣ್ಣು ಮುಚ್ಚಿಕೊಂಡು. ಮಗಳು ಬೀರುವಿನಿಂದ ತಂದು ತಂದು ಕೊಡುತ್ತಿದ್ದಳು, ಮೇಷ್ಟ್ರು ತರಗತಿಯಲ್ಲಿ ಎಣಿಸುವ ಹಾಗೆ ಗಟ್ಟಿಯಾಗಿ ಎಣಿಸುತ್ತಿದ್ದರು, ಅಕ್ಕ ಕೂಡ ಬಂದು ನಿಂತು ನಕ್ಕಳು. ಏಳು, ಎಂಟು, ಒಂಬತ್ತು, ಪುಸ್, ಪುಸ್, ಪುಸ್. ನನ್ನ ಜೀವನದಲ್ಲಿ ಇಷ್ಟು ಜನ ಒಟ್ಟಿಗೆ ನನ್ನ ಕೈಚಳಕ ನೋಡಿದ್ದೇ ಇಲ್ಲ.

ಹನ್ನೆರಡನೆಯ ಮುಚ್ಚಳವನ್ನು ಗಾಳಿಯಲ್ಲಿ ಚಿಮ್ಮಿಸಿ ಹಿಡಿಯುವ ಹೊತ್ತಿಗೆ ಹೆಂಡತಿ ಸೌಟು ಹಿಡಿದುಕೊಂಡು ಹೊರಗೆ ಬಂದಳು. ಬಿಳಿ ಬಟ್ಟೆಯ ಮೇಲೆ ಹತ್ತು ಬಾಟಲಿಗಳು ಬಾಯಿ ತೆರೆದುಕೊಂಡು ಸಾಲಾಗಿ ನಿಂತಿದ್ದವು. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು.

"ಬೀರುವಿನಲ್ಲಿ ಇನ್ನೆಷ್ಟಿದೆ?"

"ಒಂದೂ ಬಿಟ್ಟಿಲ್ಲ," ಎಂದೆ ಹೆಮ್ಮೆಯಿಂದ.

ನಾನು ಏನು ಹೇಳಿದೆನೆಂದು ನನ್ನ ಕಿವಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ಮೇಷ್ಟ್ರು ಎಣಿಕೆ ನಿಲ್ಲಿಸಿದರು. ಗಾಳಿ ತಾಗಿದ ಮೇಲೆ ಇದು ನಾಲ್ಕು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ ಎಂದು ಇದೇ ಮೇಜಿನ ಬಳಿ ನಿಂತು ಎಲ್ಲರಿಗೂ ಪಾಠ ಮಾಡಿದ್ದವನು ನಾನೇ. ಮೂರು ತಿಂಗಳ ಚಳಿಗಾಲದ ದಾಸ್ತಾನು, ಅದರ ಮೊದಲ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮುಗಿದಿತ್ತು.

ಸೂಪು ಬಹಳ ಚೆನ್ನಾಗಿತ್ತು. ಎಲ್ಲರೂ ಹಾಗೆಂದರು, ಆದರೆ ಎರಡನೆಯ ಬಟ್ಟಲಿನ ಮಾತು ಬಂದಾಗ ಮೇಷ್ಟ್ರಿಗೆ ಕೆಳಗೆ ತುರ್ತು ಕೆಲಸವಿರುವುದು ನೆನಪಾಯಿತು. ಒಂದೆರಡು ಬಾಟಲಿ ತೆಗೆದುಕೊಂಡು ಹೋಗಿ ಎಂದು ಅಕ್ಕನ ಕೈ ಹಿಡಿದು ಕೇಳಿಕೊಂಡೆ. ತಮ್ಮ ಮನೆಯಲ್ಲಿ ಇನ್ನೂ ನಾಲ್ಕು ಮುಚ್ಚಿದವೇ ಇವೆ, ತೆರೆದದ್ದು ದಾರಿಯಲ್ಲಿ ಚೆಲ್ಲುತ್ತದೆ ಎಂದು ಅವಳು ನಯವಾಗಿ ಕೈ ಬಿಡಿಸಿಕೊಂಡಳು. ಷಡ್ಡಕ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಹೆಗಲು ತಟ್ಟಿದ. ಮಗಳು ಆಗಲೇ ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು.

ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಹೆಂಡತಿ ನನಗೊಂದು ಕುರ್ಚಿ ಎಳೆದಳು. ಮನೆಯಲ್ಲಿರುವುದರಲ್ಲೇ ದೊಡ್ಡ ಬಟ್ಟಲನ್ನು ತಂದು ನನ್ನ ಮುಂದಿಟ್ಟು, ಸಾಲಿನ ಮೊದಲನೆಯ ಬಾಟಲಿಯನ್ನು ಅದರೊಳಗೆ ಕೊನೆಯ ಹನಿಯವರೆಗೂ ಬಗ್ಗಿಸಿದಳು.

"ಗುರುವಾರದೊಳಗೆ ಖಾಲಿಯಾಗ್ಬೇಕು," ಎಂದಳು, ಕಚೇರಿಯ ಕಿಟಕಿಯಲ್ಲಿ ಮಾತಾಡುವಷ್ಟೇ ಸಮಾಧಾನವಾಗಿ. "ನೀವು ಶುರು ಮಾಡಿ, ನಾನು ಬ್ರೆಡ್ ತರ್ತೀನಿ."